ಶುಕ್ರವಾರದ ಪದಾರ್ಥ

ಪಕ್ಕದ ಮನೆಯವರು ಕೊತ್ತಂಬರಿ ಹುರಿಯುತ್ತಿದ್ದಾರೆ. ಒಗೆದ ಬಟ್ಟೆ ಮಡಚುತ್ತಾ ಕುಳಿತಿದ್ದ ನನ್ನ ಹತ್ತಿರ ಮೊದಲು ಕೊತ್ತಂಬರಿ, ಆಮೇಲೆ ಮೆಂತೆ, ಆಮೇಲೆ ಸ್ವಲ್ಪ ಕರಕಲಾದ ಮೆಣಸು, ಹೀಗೆ ಒಂದೊಂದಾಗಿ ಕಿಟಕಿ ದಾಟಿ ಬಂದವು. ಮೂಗಿಗೆ ಕೆಲಸ ಸಿಕ್ಕಿದರೆ ನನ್ನ ಕೈ ನಿಂತುಬಿಡುತ್ತದೆ. ಮಡಚಿಟ್ಟ ರವಿಕೆಯನ್ನೇ ಬಿಡಿಸಿ ಮತ್ತೆ ಮಡಚಿದೆ.

ನಮ್ಮ ಕಡೆ ಅನ್ನದ ಮೇಲೆ ಹಾಕಿಕೊಳ್ಳುವ ಎಲ್ಲದಕ್ಕೂ ಒಂದೇ ಹೆಸರು, ಪದಾರ್ಥ. ಮೀನಾದರೂ ಅದೇ, ಬಸಳೆಯಾದರೂ ಅದೇ. ಬೇರೆ ಊರುಗಳಲ್ಲಿ ಎದುರು ಸಿಕ್ಕಿದವರನ್ನು ಚೆನ್ನಾಗಿದ್ದೀರಾ ಎಂದು ಕೇಳುತ್ತಾರಂತೆ. ನಾವು ಇವತ್ತು ಎಂತ ಪದಾರ್ಥ ಎಂದು ಕೇಳುತ್ತೇವೆ. ಆ ಮನೆಯ ಸಮಾಚಾರವೆಲ್ಲ ಉತ್ತರದಲ್ಲೇ ತಿಳಿಯುತ್ತದೆ. ಅಂಜಲ್ ಮೀನು ಎಂದರೆ ನೆಂಟರು ಬಂದಿದ್ದಾರೆ. ದಿನಾ ಸಿಗುವ ಬೂತಾಯಿ ಮೀನು ಎಂದರೆ ಎಲ್ಲ ಸಾಧಾರಣ. “ಎಂತಾದರೂ ಮಾಡುದು” ಎಂದರೆ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ.

ನನ್ನ ಗಂಡ ದುಬೈಯ ರಾಸ್ ಅಲ್ ಖೋರ್‌ನಲ್ಲಿ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮದುವೆಯಾದ ವರ್ಷವೇ ಹೋದವರು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅಲ್ಲಿ ಶುಕ್ರವಾರ ರಜೆ. ಭಾನುವಾರದ ಪೂಜೆಯನ್ನೂ ಇಗರ್ಜಿಯಲ್ಲಿ ಶುಕ್ರವಾರವೇ ಮಾಡುತ್ತಾರೆ. ಬೆಳಿಗ್ಗೆ ಪೂಜೆ ಮುಗಿಸಿ ಬಂದವರೇ ಮನೆಗೆ ಫೋನು. ಮಗಳ ಶಾಲೆ, ನನ್ನ ಮಂಡಿನೋವು, ಎಲ್ಲ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, “ಹೇಳು, ಎಂತ ಪದಾರ್ಥ?” ಎಂದು ಕೇಳುತ್ತಿದ್ದರು.

ನಿಜ ಹೇಳಬೇಕೆಂದರೆ ಹೆಚ್ಚಿನ ಶುಕ್ರವಾರ ನಮ್ಮ ಮನೆಯಲ್ಲಿ ಪದಾರ್ಥವೇ ಇರುತ್ತಿರಲಿಲ್ಲ. ಮಗಳು ಲವೀನಾ ಸಣ್ಣವಳಿದ್ದಾಗ ಅವಳಿಗೊಂದು ಮೊಟ್ಟೆ, ನನಗೆ ಗಂಜಿ ಮತ್ತು ಒಣಮೀನಿನ ಚಟ್ನಿ. ಅವಳು ನರ್ಸಿಂಗ್ ಓದಲು ಹಾಸ್ಟೆಲಿಗೆ ಹೋದ ಮೇಲೆ ಮೊಟ್ಟೆಯೂ ಇಲ್ಲ. ಒಬ್ಬಳಿಗಾಗಿ ಯಾರು ಮಸಾಲೆ ಅರೆಯುತ್ತಾರೆ, ನೀವೇ ಹೇಳಿ. ಆದರೆ ಮರಳುಗಾಡಿನಲ್ಲಿ ಕುಳಿತ ಗಂಡನಿಗೆ ಗಂಜಿ ಎಂದು ಹೇಳಿದರೆ ಅವರ ಊಟವೂ ಕೆಡುತ್ತದೆ. ನಮ್ಮ ಓಣಿಯಲ್ಲಿ ಗಂಡ ಗಲ್ಫಿನಲ್ಲಿದ್ದ ಹೆಂಗಸರೆಲ್ಲ ಹೀಗೆ ಫೋನಿನಲ್ಲೇ ಅಡಿಗೆ ಮಾಡುತ್ತಿದ್ದವರು. ನಾನು ಅವರೆಲ್ಲರಿಗಿಂತ ಸ್ವಲ್ಪ ಮುಂದೆ ಇದ್ದೆ. ಗೊತ್ತಿರುವ ಪದಾರ್ಥಗಳೆಲ್ಲ ಮುಗಿದ ಮೇಲೆ ಇಲ್ಲದ್ದನ್ನು ಕಟ್ಟಿ ಹೇಳಲು ಶುರು ಮಾಡಿದೆ. ನನ್ನ ಗಂಡ ಬಿಡದೆ ಒಂದೊಂದನ್ನೂ ವಿಚಾರಿಸುತ್ತಿದ್ದರು. ಪಾಪ, ಕಿವಿಯಿಂದಲೇ ಉಣ್ಣುತ್ತಿದ್ದಾರೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಆ ಕೊನೆಯ ಶುಕ್ರವಾರವೂ ಉಳಿದ ಶುಕ್ರವಾರಗಳ ಹಾಗೆಯೇ ಇತ್ತು. ಅಡಿಗೆಮನೆಯ ಮೇಜಿನ ಮೇಲೆ ಯಾರೋ ಕೊಟ್ಟ ಅನಾನಸು ಇತ್ತು. ಪ್ರಶ್ನೆ ಬಂದಾಗ ಕಣ್ಣಿಗೆ ಅದೇ ಬಿತ್ತು, ಬಾಯಿಗೂ ಅದೇ ಬಂತು. ನಾವು ಆಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಅನಾನಸು ಹಾಕಿ ಮೀನು,” ಎಂದೆ.

“ಮೀನಿಗೆ ಅನಾನಸಾ? ತಲೆ ಸರಿ ಉಂಟಾ ನಿನಗೆ?”

“ಉಂಡು ನೋಡಿದರೆ ಗೊತ್ತಾಗ್ತದೆ.”

“ಯಾವ ಮೀನು?”

“ಅಂಜಲ್.”

“ಮಸಾಲೆಗೆ?”

“ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ. ಒಂದು ಚಿಟಿಕೆ ಸಾಸಿವೆ. ಕಾಯಿ ಕಡಿಮೆ. ಹುಳಿಗೆ ಒಂದು ತುಂಡು ಜಾರಿಗೆ.”

“ಅನಾನಸು ಯಾವಾಗ ಹಾಕುದು? ಮೀನಿಗಿಂತ ಮೊದಲಾ, ಮತ್ತೆಯಾ?”

ಈ ಪ್ರಶ್ನೆ ಯಾಕೆ ಎಂದು ನಾನು ಯೋಚಿಸಲಿಲ್ಲ. “ಮೊದಲು. ಅದು ಅರ್ಧ ಬೆಂದ ಮೇಲೆ ಮೀನು,” ಎಂದು ಬಾಯಿಗೆ ಬಂದದ್ದು ಹೇಳಿದೆ. ನೀವೆಂತ ಉಣ್ಣುದು ಎಂದು ಕೇಳಿದ್ದಕ್ಕೆ, “ನಮ್ಮದು ಎಂತಾದರೂ ಇರ್ತದೆ ಮಾರಾಯ್ತಿ, ಇಡ್ತೇನೆ,” ಎಂದರು. ಪ್ರತಿ ವಾರ ಅದೇ ಉತ್ತರ. ಫೋನಿಟ್ಟು ನಾನು ಗಂಜಿ ಉಂಡೆ.

ಭಾನುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಅವರಿಗೆ ಎದೆನೋವು ಬಂತಂತೆ. ಕೈಯಲ್ಲಿದ್ದುದನ್ನು ಕೆಳಗಿಟ್ಟು ಕುಳಿತುಕೊಂಡರಂತೆ. ಅಷ್ಟೇ. ಕೆಲವು ದಿನಗಳ ಮೇಲೆ ಮಂಗಳೂರು ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಬಂತು. ಮನೆಯ ಅಂಗಳದಲ್ಲಿ ಮುಚ್ಚಳ ತೆಗೆದಾಗ ನನಗೆ ಕಂಡದ್ದು ಅವರ ಕೆನ್ನೆ. ಎರಡು ವರ್ಷದ ಹಿಂದೆ ಹೋಗುವಾಗ ತುಂಬಿಕೊಂಡಿದ್ದ ಮುಖ ಒಳಗೆ ಹೋಗಿತ್ತು. ಕೊರಳಿನ ಗುಂಡಿ ಹಾಕಿದ್ದರೂ ಅಂಗಿ ಸಡಿಲವಾಗಿತ್ತು. ಸುತ್ತ ಅಳುತ್ತಿದ್ದವರು ಏನೇನೋ ಹೇಳುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಮಾತು, ಇವರು ಹಸಿದುಕೊಂಡಿದ್ದರು.

ಆಮೇಲೆ ನನ್ನ ಗಂಟಲಿನಲ್ಲಿ ಅನ್ನ ಇಳಿಯುವುದು ಕಷ್ಟವಾಯಿತು. ಅಳು ಕಡಿಮೆಯಾಯಿತು, ನಿದ್ದೆ ಬಂತು, ಜನರೊಡನೆ ನಗಲೂ ಕಲಿತೆ. ಆದರೆ ತಟ್ಟೆಯ ಮುಂದೆ ಕುಳಿತರೆ ಸಾಕು, ನಾನು ಇಲ್ಲಿ ಅಂಜಲ್, ಸಿಗಡಿ ಎಂದು ಫೋನಿನಲ್ಲಿ ಬಡಿಸಿದ್ದು, ಅವರು ಅಲ್ಲಿ ಒಣ ಖುಬ್ಬೂಸ್ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡದ್ದು ಕಣ್ಣಿಗೆ ಕಟ್ಟುತ್ತಿತ್ತು. ಅವರ ರೂಮಿನಲ್ಲಿದ್ದ ಹಮೀದ್ ಎಂಬವನು ದಫನಾದ ಮೇಲೆ ಒಮ್ಮೆ ಫೋನು ಮಾಡಿದ್ದ. ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗ. ಅವನಲ್ಲಿ ಕೇಳಬಹುದಿತ್ತು. ಕೇಳಿದರೆ ಉತ್ತರ ಹೇಳಿಬಿಡುತ್ತಾನಲ್ಲ ಎಂದು ಹೆದರಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಹೇಳಿ ಇಟ್ಟುಬಿಟ್ಟೆ.

ಕೆಲವು ವರ್ಷ ಹೋಯಿತು. ಲವೀನಾಳಿಗೆ ಅಬುಧಾಬಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಅಲ್ಲೇ ಮದುವೆಯಾಗಿ ಮನೆ ಮಾಡಿದಳು. ಅವಳ ಬಾಣಂತನಕ್ಕೆ ನಾನು ವಿಸಿಟ್ ವೀಸಾದಲ್ಲಿ ಹೋದೆ. ಎಣ್ಣೆ, ನೀರು, ಮಗು, ಮತ್ತೆ ಎಣ್ಣೆ. ಹದಿನಾಲ್ಕನೆಯ ಮಾಳಿಗೆಯಿಂದ ಕಾಣುವ ಪಾರ್ಕಿಂಗ್ ಜಾಗವೇ ನನ್ನ ಗಲ್ಫ್. ಚಳಿಗಾಲದ ಒಂದು ಶುಕ್ರವಾರ ಅವಳಿಗೆ ರಜೆ ಇತ್ತು. “ಮಮ್ಮಿ, ಒಂದು ದಿವಸ ಹೊರಗೆ ಹೋಗು. ನಿನ್ನ ಮುಖ ನೋಡಿ ಮಗುವಿಗೂ ಬೋರ್ ಆಗಿದೆ,” ಎಂದು ನನ್ನನ್ನು ದುಬೈ ಬಸ್ಸಿಗೆ ಹತ್ತಿಸಿದಳು. ಬರ್ ದುಬೈಯಲ್ಲಿ ಅಳಿಯನ ಚಿಕ್ಕಪ್ಪನ ಮಗಳು ಜಸಿಂತಾ ಕಾದಿರುತ್ತಾಳೆ, ಅವಳು ತಿರುಗಾಡಿಸಿ ವಾಪಸು ಬಸ್ಸಿಗೆ ಹತ್ತಿಸುತ್ತಾಳೆ ಎಂದು ತೀರ್ಮಾನ.

ಬಸ್ಸು ಇಳಿದಾಗ ಜಸಿಂತಾ ಇರಲಿಲ್ಲ. ಅವಳ ಫೋನು ಬಂತು. “ಸಾರಿ ಆಂಟಿ, ಹೋಟೆಲಿಗೆ ದೊಡ್ಡ ಗ್ರೂಪ್ ಬಂದಿದೆ, ನನ್ನನ್ನು ಡ್ಯೂಟಿಗೆ ಎಳ್ಕೊಂಡ್ರು. ನೀವು ಅದೇ ಬಸ್ಸಲ್ಲಿ ವಾಪಸು ಹೋಗಿ ಆಂಟಿ, ಪ್ಲೀಸ್. ಎಲ್ಲಿಗೂ ಹೋಗಬೇಡಿ.”

ಆಯ್ತು ಎಂದೆ. ಹೋಗಲಿಲ್ಲ. ಇಡೀ ಜೀವಮಾನದಲ್ಲಿ ನಾನು ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ನಿಂತದ್ದು ಅದೇ ಮೊದಲು. ಹೆದರಿಕೆ ಆಗಬೇಕಿತ್ತು. ಆದದ್ದು ಶಾಲೆಗೆ ಟೀಚರ್ ಬಾರದ ದಿವಸದ ಖುಷಿ. ಜನ ಹೋಗುತ್ತಿದ್ದ ಕಡೆ ಹೋದೆ, ಕ್ರೀಕ್ ಎಂಬ ಕಡಲ ಕವಲು ಸಿಕ್ಕಿತು. ಆಚೆ ದಡಕ್ಕೆ ಜನರನ್ನು ದಾಟಿಸುವ ಮರದ ದೋಣಿಗಳು, ಅಬ್ರಾ ಎನ್ನುತ್ತಾರೆ. ಎಲ್ಲರೂ ಹತ್ತಿದರು, ನಾನೂ ಹತ್ತಿದೆ. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತೆವು. ಡೀಸೆಲ್ ವಾಸನೆ, ಕಡಲ ಹಕ್ಕಿಗಳು, ಉಪ್ಪು ಗಾಳಿ. ನಮ್ಮ ಕಡೆಯ ಕಡವಿನ ದೋಣಿಯಲ್ಲಿ ಕುಳಿತ ಹಾಗೆಯೇ. ಆಚೆ ಇಳಿದು ಏನು ಮಾಡುವುದೆಂದು ತಿಳಿಯದೆ ಅದೇ ದೋಣಿಯಲ್ಲಿ ಈಚೆಗೆ ಬಂದೆ. ದೋಣಿಯವನು ನನ್ನನ್ನೊಮ್ಮೆ ನೋಡಿದ. ಇಂಥವರನ್ನು ಅವನು ಮೊದಲೂ ಕಂಡಿರಬೇಕು.

ಬಿಸಿಲಿಗೆ ನೆರಳು ಹುಡುಕಿಕೊಂಡು ಬಟ್ಟೆ ಅಂಗಡಿಗಳ ಓಣಿಗೆ ಬಂದೆ. ಜುಮಾ ನಮಾಜಿನ ಹೊತ್ತು ಮೀರಿದ್ದರೂ ಹೆಚ್ಚಿನ ಶಟರುಗಳು ಇನ್ನೂ ಕೆಳಗಿದ್ದವು. ಅಲ್ಲೂ ಒಂದು ಹಿಂದೂ ದೇವಸ್ಥಾನವಿದೆ, ಅದರ ಗಲ್ಲಿಯ ಬಾಯಿಯಲ್ಲಿ ಒಬ್ಬ ಹೂ ಮಾರುತ್ತಿದ್ದ. ಬಾಳೆ ನಾರಿನಲ್ಲಿ ಕಟ್ಟಿದ ಮಲ್ಲಿಗೆ, ನಮ್ಮ ಊರಿನದೇ. ಮುಂಜಾನೆ ವಿಮಾನ ಹತ್ತಿ ಬಂದದ್ದು. ಅದನ್ನು ಕಂಡದ್ದೇ ನೆನಪಾಯಿತು. ಹಮೀದನ ಅಂಗಡಿ ದೇವಸ್ಥಾನದ ಗಲ್ಲಿ ತಿರುಗುವಲ್ಲಿ ಎಂದು ನನ್ನ ಗಂಡ ಹೇಳುತ್ತಿದ್ದರು. ಇಷ್ಟು ಹತ್ತಿರ ಬಂದು ತಪ್ಪಿಸಿಕೊಂಡರೆ ಇನ್ನು ಯಾವತ್ತೂ ಕೇಳುವುದಿಲ್ಲ ಎನಿಸಿತು.

“ಮಂಗಳೂರು ಕಡೆಯ ಹಮೀದ್ ಅಂತ...”

“ಹಮೀದ್ ಭಾಯಿಯಾ? ಇದೇ ಮೂರನೇ ಶಟರ್. ಈಗ ಬರ್ತಾನೆ, ಕೂತ್ಕೊಳ್ಳಿ,” ಎಂದು ಹೂವಿನವನು ಅಂಗಡಿಯ ಮೆಟ್ಟಿಲನ್ನು ಅದು ತನ್ನದೇ ಎಂಬಂತೆ ತೋರಿಸಿದ.

ಕುಳಿತೆ. ಎದ್ದು ಹೋಗಬೇಕೆಂದು ಎರಡು ಸಲ ಚೀಲ ಹೆಗಲಿಗೆ ಹಾಕಿದೆ. ಅಷ್ಟರಲ್ಲಿ ಬಿಳಿ ಜುಬ್ಬಾದ, ಸಣ್ಣ ಹೊಟ್ಟೆಯ ಒಬ್ಬ ಬಂದು ಹಿಂದಿಯಲ್ಲಿ, “ಅಮ್ಮಾಜಿ, ಸ್ವಲ್ಪ ಸರಿಯಿರಿ, ಶಟರ್ ತೆಗಿಯಬೇಕು,” ಎಂದ.

“ನೀನು ಹಮೀದನಾ?” ಎಂದು ಕನ್ನಡದಲ್ಲಿ ಕೇಳಿದೆ.

ಅವನ ಕೈಯಲ್ಲಿ ಬೀಗ ಹಾಗೆಯೇ ನಿಂತಿತು. ನಾನು ಯಾರ ಹೆಂಡತಿ ಎಂದು ಹೇಳಿದೆ.

“ಯಾ ಅಲ್ಲಾಹ್! ನಮ್ಮ ಪೊರ್ಬುಗಳ ಬಾಯಮ್ಮನಾ?” ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ಈ ಓಣಿಯಲ್ಲಿ ಅದು ಕಿವಿಗೆ ಬಿದ್ದಾಗ ನನ್ನ ಕಣ್ಣು ತುಂಬಿತು. ಅವನು ಅದನ್ನು ನೋಡದವನ ಹಾಗೆ ಗಡಿಬಿಡಿ ಮಾಡಿದ. “ಇಲ್ಲಿ ಬಿಸಿಲಲ್ಲಿ ಕೂರುದಾ? ಊಟ ಆಗಿದೆಯಾ? ಆಗ್ಲಿಲ್ಲ, ಮುಖ ನೋಡಿದ್ರೆ ಗೊತ್ತಾಗ್ತದೆ. ಒಂದು ನಿಮಿಷ.” ಅಂಗಡಿಯ ಇನ್ನೊಬ್ಬನಿಗೆ ಬೀಗ ಕೊಟ್ಟು, ಫೋನಿನಲ್ಲಿ ಯಾರಿಗೋ ಕೂಗಿದ: “ಗೋಪಾಲಣ್ಣ, ಮಧ್ಯಾಹ್ನದ ಪದಾರ್ಥ ಉಂಟಲ್ಲ? ರಾತ್ರಿಗೆ ಇಟ್ಟದ್ದು. ಖಲಾಸ್ ಮಾಡಬೇಡಿ, ಜನ ಬರ್ತಾ ಉಂಟು. ಯಾರು ಅಂತ ಕೇಳಬೇಡಿ, ಬಂದ ಮೇಲೆ ನೋಡಿ.” ನನ್ನ ಕಡೆ ತಿರುಗಿ, “ಯಲ್ಲಾ ಬಾಯಮ್ಮ,” ಎಂದ.

ಅವರ ರೂಮು ಇದ್ದದ್ದು ಅಲ್ ಮುರಕ್ಕಬಾತ್‌ನ ಹಳೆಯ ಕಟ್ಟಡದಲ್ಲಿ. ಮತ್ತೆ ಅಬ್ರಾದಲ್ಲಿ ಆಚೆ ದಾಟಿ, ಟ್ಯಾಕ್ಸಿ ಹಿಡಿದು ಹೋದೆವು. ದಾರಿಯಲ್ಲಿ ನಾನು ಏನೂ ಕೇಳಲಿಲ್ಲ, ಅವನೇ ಮಾತಾಡಿದ. ಬಾಗಿಲು ತೆಗೆದದ್ದು ಗೋಪಾಲಣ್ಣ. ಕುಂದಾಪುರದ ಕಡೆಯ ಹಿರಿಯರು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ನಾನು ಯಾರೆಂದು ತಿಳಿದ ಕೂಡಲೇ ಬನಿಯನ್ ಮೇಲೆ ಅಂಗಿ ಹಾಕಲು ಒಳಗೆ ಓಡಿದರು.

“ಹ್ವಾಯ್, ಬನಿ ಬನಿ, ಕೂಕಣಿ,” ಎಂದು ಗುಂಡಿ ತಪ್ಪು ಹಾಕಿಕೊಂಡು ಬಂದರು. “ಇದೇ ಕಾಣಿ ಅವ್ರ್ ಮಂಚ.” ಮಂಚದ ಮೇಲೆ ಈಗ ಬೇರೆ ಯಾರದ್ದೋ ಹೊದಿಕೆ ಇತ್ತು. ನಾನು ಅದರ ಅಂಚಿನಲ್ಲಿ ಕುಳಿತೆ.

ಹಮೀದ್ ತಟ್ಟೆ ತಂದಿಟ್ಟ. ಕುಚ್ಚಲಕ್ಕಿ ಅನ್ನ, ಅದರ ಮೇಲೆ ಕೆಂಪು ಪದಾರ್ಥ, ಅಂಜಲಿನ ದಪ್ಪ ತುಂಡು. ಪಕ್ಕದಲ್ಲಿ ಹಳದಿ ಹೋಳುಗಳು. ಕುಂಬಳಕಾಯಿ ಎಂದುಕೊಂಡು ಬಾಯಿಗಿಟ್ಟೆ. ಅನಾನಸು.

ತುತ್ತು ಬಾಯಲ್ಲೇ ನಿಂತಿತು.

“ಎಂತ ಬಾಯಮ್ಮ, ಸರಿ ಆಗ್ಲಿಲ್ವಾ?” ಹಮೀದನಿಗೆ ಆತಂಕ. “ನಿಮ್ಮದೇ ಪದಾರ್ಥ ಅಲ್ವಾ? ಇಲ್ಲಿ ಜಾರಿಗೆ ಸಿಗುದಿಲ್ಲ ಅಂತ ಪೊರ್ಬುಗಳು ಒಣಲಿಂಬೆ ಹಾಕಿದ್ರು, ನಾವೂ ಅದೇ ಹಾಕುದು.”

ಆಮೇಲೆ ಇಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತಾ ಹೇಳಿದರು. ಶುಕ್ರವಾರ ಆ ರೂಮಿನಲ್ಲಿ ಅಡಿಗೆ ನನ್ನ ಗಂಡನದ್ದಂತೆ. ಊರಿನಲ್ಲಿ ನೀರು ಬೇಕಾದರೂ ನನ್ನನ್ನು ಕರೆಯುತ್ತಿದ್ದ ಮನುಷ್ಯ! ನನಗೆ ಫೋನು ಮಾಡುವಾಗ ಇವರೆಲ್ಲ ಸುಮ್ಮನೆ ಕುಳಿತು ಕಾಯುತ್ತಿದ್ದರಂತೆ. ಫೋನಿಟ್ಟು ಅವರು, ಇವತ್ತು ಊರಲ್ಲಿ ಇಂಥದ್ದಂತೆ ಎಂದು ಘೋಷಿಸಿ, ಚೀಲ ಹಿಡಿದು ಮೀನು ಮಾರ್ಕೆಟ್ಟಿಗೆ ಹೊರಡುವುದು. ಮಸಾಲೆ ಹುರಿಯಲು ಬೇರೆ ಯಾರನ್ನೂ ಬಿಡುತ್ತಿರಲಿಲ್ಲವಂತೆ.

“ಒಂದ್ ಸಲ ನೀವ್ ಎಳ್ಳ್ ಹಾಕಿ ಸಿಗಡಿ ಹೇಳಿದ್ರಿ,” ಎಂದರು ಗೋಪಾಲಣ್ಣ. “ಅದ್ ಮಾತ್ರ ಉಂಬುಕೆ ಆಯ್ಲಿಲ್ಲೆ ಕಾಣಿ. ಪೊರ್ಬುಗಳ್ ಒಬ್ರೇ ಉಂಡ್ರ್, ಹೆಂಡ್ತಿ ಮಾಡಿದ್ದ್ ಅಂದೇಳಿ.”

“ನಾನು ಮಾಡಿರಲಿಲ್ಲ,” ಎಂದೆ.

ಇಬ್ಬರೂ ನನ್ನನ್ನು ನೋಡಿದರು. ನಾನು ಹೇಳಿದೆ. ಎಳ್ಳು ಹಾಕಿದ ಸಿಗಡಿಯನ್ನೂ ಮಾಡಿರಲಿಲ್ಲ, ಈ ಅನಾನಸು ಮೀನನ್ನೂ ಮಾಡಿರಲಿಲ್ಲ. ಶುಕ್ರವಾರ ನಮ್ಮ ಮನೆಯಲ್ಲಿ ಗಂಜಿ. ಅವರು ಬೇಸರ ಮಾಡಿಕೊಳ್ಳಬಾರದೆಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ.

ಮೊದಲು ಗೋಪಾಲಣ್ಣನ ಹೊಟ್ಟೆ ನಗುವಿಗೆ ಕುಲುಕತೊಡಗಿತು. “ಹ್ವಾಯ್, ಹಂಗಾರೆ ನಾವ್ ಇಷ್ಟ್ ವರ್ಷ ಉಂಡದ್ದ್ ಯಾರ್ ಮನಿ ಪದಾರ್ಥ?”

“ಯಾರ ಮನೆಯದ್ದೂ ಅಲ್ಲ.”

ಹಮೀದ್ ನೆಲದ ಮೇಲೆ ಕುಳಿತು ನಕ್ಕ. ಗೋಪಾಲಣ್ಣ ಅಂಗಿಯ ಚುಂಗಿನಿಂದ ಕಣ್ಣೊರೆಸಿಕೊಂಡರು. ನನಗೂ ನಗು ತಡೆಯಲಿಲ್ಲ. ಆ ನಗುವಿನ ನಡುವೆಯೇ ಒಂದು ಯೋಚನೆ ಬಂತು. ಆ ಕೊನೆಯ ಶುಕ್ರವಾರ ಇದನ್ನು ಮಾಡಿ ಉಂಡಿದ್ದಾರೆ. ಭಾನುವಾರ ಹೋಗಿದ್ದಾರೆ.

“ಇದರಿಂದ ಎಂತಾದರೂ...” ಎಂದು ತಟ್ಟೆ ತೋರಿಸಿದೆ.

“ಅನಾನಸ್ ತಿಂದ್ ಸಾಯುದಾರೆ ನಾವಿಬ್ರೂ ಇಷ್ಟೊತ್ತಿಗೆ ಮಣ್ಣಡಿಗೆ ಇರ್ಕಿತ್ತ್,” ಎಂದರು ಗೋಪಾಲಣ್ಣ. “ಪ್ರತಿ ಶುಕ್ರವಾರ ಇದೇ ಅಲ್ದಾ ನಮ್ದ್?”

“ಪ್ರತಿ ಶುಕ್ರವಾರವಾ?”

ಹಮೀದ್ ನಗು ನಿಲ್ಲಿಸಿದ. “ಮತ್ತೆಂತ ಮಾಡುದು ಬಾಯಮ್ಮ? ಊರಲ್ಲಿ ಇವತ್ತು ಎಂತ ಅಂತ ನಮಗೆ ಹೇಳುವವರು ಯಾರುಂಟು? ನೀವು ಕಡೆಗೆ ಹೇಳಿದ್ದನ್ನೇ ಮಾಡ್ತಾ ಇದ್ದೇವೆ.”

ಇನ್ನು ಕೇಳದೆ ಇರಲು ಆಗಲಿಲ್ಲ. “ಅವರು ಹೊಟ್ಟೆ ತುಂಬ ಉಣ್ಣುತ್ತಿದ್ದರಾ ಹಮೀದ್? ಪೆಟ್ಟಿಗೆಯಲ್ಲಿ ಬರುವಾಗ ಅಷ್ಟು ಸಪೂರ ಆಗಿದ್ದರಲ್ಲ.”

“ಉಣ್ಣುದಾ? ಪೊರ್ಬುಗಳು ಉಂಡು ಉಂಡೇ ಸಕ್ಕರೆ ಕಾಯಿಲೆ ಮಾಡ್ಕೊಂಡದ್ದು! ಡಾಕ್ಟ್ರು ನಡೀಲಿಕ್ಕೆ ಹೇಳಿದ್ರು. ದಿನಾ ಸಂಜೆ ಕ್ರೀಕ್ ಬದಿಯಲ್ಲಿ ಬುಸುಬುಸು ಅಂತ ನಡೀತಿದ್ರು. ಪ್ಯಾಂಟು ಲೂಸ್ ಆದದ್ದನ್ನು ಹಿಡಿದು ಹಿಡಿದು ಎಲ್ಲರಿಗೂ ತೋರಿಸುದು. ಹುಡುಗ ಆಗಿದ್ದೇನೆ ಮಾರಾಯ, ಊರಿಗೆ ಹೋದ್ರೆ ಹೆಂಡತಿಗೆ ಗುರುತು ಸಿಗ್ಲಿಕ್ಕಿಲ್ಲ ಅಂತ.” ಅವನು ಸೌಟು ತಿರುಗಿಸಿದ. “ಆ ಶುಕ್ರವಾರ ಇದನ್ನು ಎರಡು ಸಲ ಬಡಿಸ್ಕೊಂಡ್ರು. ಈ ಸಲ ಅವಳು ನಮ್ಮನ್ನು ಗೆದ್ದಳು ಅಂತ ಹೇಳಿದ್ರು.”

ನಿಮಗೆ ಹೇಗೆ ವಿವರಿಸಲಿ. ಬಹಳ ದಿನದಿಂದ ಬಿಗಿಯಾಗಿದ್ದ ರವಿಕೆಯ ಗುಂಡಿ ಬಿಚ್ಚಿದ ಹಾಗೆ ಆಯಿತು. ಒಂದು ತುತ್ತು ಇಳಿಯಿತು, ಇನ್ನೊಂದು ಇಳಿಯಿತು. ಹುಳಿ, ಖಾರ, ಅದರ ಹಿಂದೆಯೇ ಒಂದು ಸಿಹಿ. ಮೀನಿಗೆ ಅನಾನಸು ಹಾಕಬಹುದು, ಬೇಕಾದರೆ ಬರೆದುಕೊಡುತ್ತೇನೆ. ನಾನೂ ಎರಡು ಸಲ ಬಡಿಸಿಕೊಂಡೆ.

“ನೀವೇ ಅಡಿಗೆ ಮಾಡುದು ಅಂತ ನನಗೆ ಯಾಕೆ ಹೇಳಲಿಲ್ಲ?” ಎಂದು ತಟ್ಟೆ ನೋಡುತ್ತಾ ಕೇಳಿದೆ, ಅವರೇ ಎದುರಿದ್ದ ಹಾಗೆ.

“ನಾಚಿಕೆ,” ಎಂದ ಹಮೀದ್. “ಮತ್ತೆ ಒಂದು ಉಪಾಯ ಇತ್ತು. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋದ ಮೇಲೆ ಒಂದು ದಿವಸ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಮಾಡಿ ಬಡಿಸುದು, ಅವಳ ಮುಖ ನೋಡುದು ಅಂತ.”

“ಎಷ್ಟ್ ಮಾಡಿದ್ರೂ ನಮ್ದ್ ಅವ್ರ್ ಮಾಡಿದಾಂಗೆ ಆತಿಲ್ಲೆ,” ಎಂದರು ಗೋಪಾಲಣ್ಣ.

ಅಷ್ಟರಲ್ಲಿ ಲವೀನಾಳ ಫೋನು. “ಮಮ್ಮಿ! ವೇರ್ ಆರ್ ಯು? ಜಸಿಂತಾ ಅಳ್ತಾ ಇದ್ದಾಳೆ!”

“ಊಟ ಮಾಡ್ತಾ ಇದ್ದೇನೆ,” ಎಂದೆ. “ನಿನ್ನ ಪಪ್ಪನ ರೂಮಿನಲ್ಲಿ.”

ಅವಳು ಮೆಲ್ಲಗೆ, “ಎಂತ ಪದಾರ್ಥ ಮಮ್ಮಿ?” ಎಂದು ಕೇಳಿದಳು.

ಹಮೀದ್ ನನ್ನನ್ನು ಬಸ್ಸಿನವರೆಗೆ ಬಿಟ್ಟುಹೋದ. ಬೆಳಕು ಆರುತ್ತಿತ್ತು, ಮಸೀದಿಗಳಿಂದ ಒಂದರ ಹಿಂದೆ ಒಂದು ಬಾಂಗ್ ಕೇಳಿಸುತ್ತಿತ್ತು. ಅಬುಧಾಬಿಯ ದಾರಿಯುದ್ದಕ್ಕೂ ಹೊಟ್ಟೆ ತುಂಬಿದ ಮಗುವಿನ ಹಾಗೆ ನಿದ್ದೆ ಮಾಡಿದೆ. ಪಕ್ಕದಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗಿಯ ಹೆಗಲಿಗೆ ತಲೆ ಒರಗಿತ್ತಂತೆ. ಇಳಿಯುವಾಗ ಅವಳು ನಕ್ಕಳು, ನಾನೂ ನಕ್ಕೆ.

ಊರಿಗೆ ಮರಳಿ ವರ್ಷಗಳಾದವು. ಈಗ ನಾನು ಶುಕ್ರವಾರ ಗಂಜಿ ಮಾಡುವುದಿಲ್ಲ. ಒಬ್ಬಳಿಗಾಗಿಯೇ ಮಸಾಲೆ ಅರೆಯುತ್ತೇನೆ, ತಟ್ಟೆಯ ಮುಂದೆ ಸುಮ್ಮನೆ ಕುಳಿತು ಉಣ್ಣುತ್ತೇನೆ, ಅನ್ನ ಇಳಿಯುತ್ತದೆ. ಉಣ್ಣುವ ಮೊದಲು ಹಮೀದನಿಗೆ ಫೋನು ಮಾಡಿ ಇವತ್ತು ಇಂಥದ್ದು ಎಂದು ಹೇಳುತ್ತೇನೆ. ಮಾಡಿದ್ದನ್ನೇ ಹೇಳುತ್ತೇನೆ. ಅವನೂ ಗೋಪಾಲಣ್ಣನೂ ಅಲ್ಲಿ ಅದನ್ನೇ ಮಾಡುತ್ತಾರೆ.

ಹಮೀದ್ ಮಾಡಿದ ಅನಾನಸು ಮೀನು ಉಂಡಿದ್ದೇನೆ. ನಾನೇ ಮಾಡಿಯೂ ಉಂಡಿದ್ದೇನೆ. ನನ್ನ ಗಂಡ ಮಾಡಿದ ಅಡಿಗೆಯನ್ನು ನಾನು ಒಂದು ಸಲವೂ ಉಂಡಿಲ್ಲ.